ಹಗ್ಗದಾಚೆ ನಿಂತು ಓದಿದ ರೈಲಿನ ಕಥೆ

ಪ್ರಾಮೆಲ್-ಸೊಲ್ವಾ ಸ್ಟೇಷನ್ನಿನ ಹಿಂದಿನ ಮನೆ,
ವಾಲ್ ಮೆರ್ಲಾ ಕಣಿವೆ,
೧೩ ಅಕ್ಟೋಬರ್ ೧೯೫೮, ಸೋಮವಾರ ಮಧ್ಯಾಹ್ನ

ಪ್ರೀತಿಯ ತುಮಾಶ್,

ಕಾಲು ಹೇಗಿದೆ? ಮೊದಲು ಅದನ್ನು ಬರೆ. 'ಪರವಾಗಿಲ್ಲ' ಎಂದು ಮಾತ್ರ ಬರೆಯಬೇಡ. ಹೋದ ಮೂರು ಪತ್ರಗಳಲ್ಲೂ ಅದೊಂದೇ ಮಾತು. ಅದನ್ನು ಓದಿದಾಗಲೆಲ್ಲ ಅತ್ತೆ, "ಪರವಾಗಿಲ್ಲ ಅಂದ್ರೆ ನೋವಿದೆ ಅಂತ ಅರ್ಥ. ಹುಟ್ಟಿದಾಗಿನಿಂದ ಇವನು ಹೀಗೇ" ಎಂದು ಅಡುಗೆಮನೆಯ ಈ ಮೂಲೆಯಿಂದ ಆ ಮೂಲೆಗೆ ಓಡಾಡುತ್ತಾರೆ. ಎಲುಬು ನೆಟ್ಟಗಾಗಲೆಂದು ತೊಡೆಗೆ ಕಟ್ಟಿದ ತೂಕ ಇಳಿಸಿದರೋ ಇಲ್ಲವೋ? ಸೂಪಿಗೆ ಉಪ್ಪು ಹಾಕುತ್ತಿದ್ದಾರೋ ಇಲ್ಲವೋ? ಡಾಕ್ಟರು ಹೇಳುವ ಮುಂಚೆ ಮಂಚದಿಂದ ಇಳಿಯಲು ಹೋದೆಯಂತೆ. ನರ್ಸ್ ನನಗೆ ಬರೆದು ದೂರು ಹೇಳಿದ್ದಾಳೆ. ನಾಚಿಕೆಯಾಗಬೇಕು ನಿನಗೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅತ್ತೆಯ ಕೆಮ್ಮು ಕಡಿಮೆಯಾಗಿದೆ. ನಿನಗೆ ಉಣ್ಣೆಯ ಕಾಲುಚೀಲ ಹೆಣೆದಿದ್ದಾರೆ, ಒಂದು ಮಾಮೂಲಿ ಅಳತೆಯದು, ಇನ್ನೊಂದು ಕುಂಬಳಕಾಯಿ ಹಿಡಿಸುವಷ್ಟು ಅಗಲ, ಪ್ಲಾಸ್ಟರಿನ ಮೇಲೆ ಹಾಕಿಕೊಳ್ಳಲಿ ಅಂತ. ಸೆರಾಯ್ನಾ ಹನ್ನೆರಡು ತುಂಬಿದ ಮೇಲೆ ನನ್ನ ಮಾತು ಕೇಳುವುದನ್ನು ನಿಲ್ಲಿಸಿದ್ದಾಳೆ, ಅಂದರೆ ಆರೋಗ್ಯವಾಗಿದ್ದಾಳೆ. ಮೇಲಿನ ವಿಳಾಸ ನೋಡಿ ಹುಬ್ಬು ಗಂಟಿಕ್ಕಬೇಡ. ನೀನು ಸೊಲ್ವಾದವನು, ಸೊಲ್ವಾ-ಪ್ರಾಮೆಲ್ ಎಂದು ಬರೆಯುತ್ತೀಯೆ. ನಾನು ಪ್ರಾಮೆಲ್‌ನಲ್ಲಿ ಹುಟ್ಟಿದವಳು. ಮದುವೆಯಾಗಿ ಹದಿನೈದು ವರ್ಷವಾದರೂ ಇದೊಂದು ಬದಲಾಗುವುದಿಲ್ಲ.

ಸ್ಟೇಷನ್ ಮಾಸ್ತರ್ ಬಲ್ಟ್ಸೆರ್ ನಿನ್ನೆ ಸಂಜೆ ಆಸ್ಪತ್ರೆಗೆ ಫೋನ್ ಮಾಡಿ "ಉಳೀತು" ಎಂದು ಒಂದೇ ಮಾತು ಹೇಳಿ ಇಟ್ಟರಂತೆ. "ಅಷ್ಟೇನಾ ಹೇಳಿದ್ದು?" ಎಂದು ಕೇಳಿದರೆ, "ಇನ್ನೇನಮ್ಮ ಹೇಳೋದು? ಉಳೀತಲ್ಲ!" ಅಂದರು. ನಲವತ್ತು ವರ್ಷ ತಂತಿ ಕಳಿಸಿ ಕಳಿಸಿ ಅವರಿಗೆ ಒಂದು ಮಾತಿಗಿಂತ ಹೆಚ್ಚು ಆಡುವುದು ದುಂದು ಅನ್ನಿಸುತ್ತದೆ. ಹಾಗಾಗಿ ಉಳಿದದ್ದನ್ನು ನಾನು ಬರೆಯುತ್ತಿದ್ದೇನೆ. ಹೌದು, ನಮ್ಮ ರೈಲು ಉಳಿಯಿತು. ಹೊಸ ಹಳಿ ಬರುತ್ತದೆ, ಕೆಳಗಿನ ಸೇತುವೆ ಗಟ್ಟಿಯಾಗುತ್ತದೆ, ಕಾಲು ಸರಿಹೋದ ಮೇಲೆ ನಿನಗೆ ಓಡಿಸಲು ಗಾಡಿ ಇರುತ್ತದೆ. ಈಗ ದಿಂಬನ್ನು ಬೆನ್ನಿಗೆ ಸರಿಯಾಗಿ ಇಟ್ಟುಕೊಂಡು ಓದು. ಪಕ್ಕದ ಮಂಚದ ಗಡಿಯಾರ ರಿಪೇರಿಯ ಮುದುಕನಿಗೂ ಗಟ್ಟಿಯಾಗಿ ಓದಿ ಹೇಳು, ಅವನಿಗೂ ಹೊತ್ತು ಹೋಗಲಿ.

ನೀನು ಆಸ್ಪತ್ರೆ ಸೇರಿದಾಗ ವಿಷಯ ಎಲ್ಲಿತ್ತೋ ಅದಕ್ಕಿಂತ ಕೆಟ್ಟ ಕಡೆಗೆ ಹೋಗಿತ್ತು, ನಿನಗೆ ಬರೆಯಲಿಲ್ಲ ಅಷ್ಟೆ. ಎರಡೂ ಊರು ಒಪ್ಪಿದರೆ ಮಾತ್ರ ಹಳಿಯ ಕೆಲಸ, ಒಂದು ಊರು ಬೇಡವೆಂದರೂ ಹೊಸವರ್ಷಕ್ಕೆ ಗಾಡಿ ನಿಂತು ಬಸ್ಸು ಬರುವುದು ಎಂದು ರೈಲ್ವೆ ಕಚೇರಿಯಿಂದ ಪತ್ರ ಬಂತು. ಸೊಲ್ವಾ ರೈಲಿನ ಪರ ಎಂದು ಗೊತ್ತಾದ ದಿನವೇ ಪ್ರಾಮೆಲ್ ಬಸ್ಸಿನ ಪರವಾಯಿತು. ಅದೊಂದೇ ಕಾರಣ ಎಂದರೆ ನನ್ನ ತವರಿನವರಿಗೆ ಅನ್ಯಾಯ ಮಾಡಿದ ಹಾಗಾಗುತ್ತದೆ. ನಮ್ಮ ಪ್ರಾಮೆಲ್‌ನ ಕ್ಲಾ ಎರಡು ಬಸ್ಸು ಕೊಳ್ಳಲು ಸಿದ್ಧನಾಗಿದ್ದ. ಚರ್ಚಿನ ಬಾಗಿಲಲ್ಲೇ ನಿಲ್ಲಿಸುತ್ತೇನೆ, ಮೊಣಕಾಲು ನೋವಿರುವ ಮುದುಕಿಯರು ಹಿಮದಲ್ಲಿ ಇಪ್ಪತ್ತು ನಿಮಿಷ ಸ್ಟೇಷನ್ನಿಗೆ ನಡೆಯುವುದು ತಪ್ಪುತ್ತದೆ ಎಂದು ಮನೆಮನೆಗೆ ಹೋಗಿ ಹೇಳಿದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನನ್ನ ಸೋದರತ್ತೆಯೇ "ನಂಗೆ ಬಸ್ಸೇ ಬೇಕು ಕಣೇ, ನಿನ್ ಗಂಡ ಬೇಕಾದ್ರೆ ಬಸ್ ಓಡಿಸ್ಲಿ" ಅಂದಳು. ನೀನು ಬಸ್ಸು ಓಡಿಸುವುದನ್ನು ನೆನೆಸಿಕೊಂಡೆ. ಎದುರಿಗೆ ದನ ಬಂದರೆ ಪಕ್ಕಕ್ಕೆ ತಿರುಗಿಸಬೇಕೆಂಬುದೇ ನಿನಗೆ ಹೊಳೆಯುವುದಿಲ್ಲ.

ಆಗ ನುವೊತ್ ಅಜ್ಜ ಮತ ಹಾಕುವ ಸಭೆಯಲ್ಲಿ ತಾನು ಮಾತಾಡುತ್ತೇನೆ ಎಂದು ಹೊರಟ. ಎಂಬತ್ತನಾಲ್ಕು ವರ್ಷ, ಪ್ರಾಮೆಲ್‌ನವನು, ಅದೂ ರೈಲಿನ ಮೊದಲ ಶತ್ರು. ಅವನು ಮಾತಾಡಿದರೆ ಊರು ಕೇಳುತ್ತದೆ. ಆದರೆ ಹೇಳಬೇಕಾದ್ದು ಮರೆತುಹೋಗುತ್ತದೆ, ಬರೆದುಕೊಡು ಎಂದು ನನ್ನ ಹತ್ತಿರ ಬಂದ. ಸೆಪ್ಟೆಂಬರಿನ ಮೂರು ವಾರ, ದಿನಾ ಹಾಲು ಕರೆದಾದ ಮೇಲೆ, ನಮ್ಮ ಒಲೆಯ ಪಕ್ಕ ಕೂತು ಹೇಳಿದ, ನಾನು ಬರೆದೆ. ನಡುನಡುವೆ ಅತ್ತೆ "ಸುಳ್ಳು, ಆವತ್ತು ಮಳೆ ಬರ್ತಿರ್ಲಿಲ್ಲ" ಎನ್ನುವುದು, ಅವನು "ನೀನಾಗ ಲಂಗ ಹಾಕ್ಕೊಂಡು ಬಾತುಕೋಳಿ ಕಾಯ್ತಿದ್ದೆ, ನಿಂಗೇನ್ ಗೊತ್ತು" ಎನ್ನುವುದು. ತುಮಾಶ್, ಆ ಗಾಡಿಯ ಸದ್ದಿಗೇ ಹುಟ್ಟಿ ಬೆಳೆದವಳು ನಾನು, ಆದರೂ ಅದರಲ್ಲಿ ಅರ್ಧ ನನಗೆ ಗೊತ್ತಿರಲಿಲ್ಲ. ನಿನ್ನ ಅಪ್ಪನ ವಿಷಯವೂ ಅದರಲ್ಲಿದೆ. ಮುಂದೆ ಬರುತ್ತದೆ, ತಾಳು.

ನಿನ್ನೆ ಭಾನುವಾರ ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಲಾರ್ಚ್ ಮರಗಳೆಲ್ಲ ಹಳದಿಯಾಗಿವೆ. ಎರಡೂ ಊರಿನವರು ಇನ್ನೊಂದು ಊರಿಗೆ ಹೋಗಿ ಮತ ಹಾಕಲು ಒಪ್ಪುವುದಿಲ್ಲವಲ್ಲ, ಸಭೆಯನ್ನು ನಮ್ಮ ಸ್ಟೇಷನ್ನಿನ ಹುಲ್ಲುಗಾವಲಲ್ಲೇ ಇಟ್ಟಿದ್ದರು. ಯಾವಾಗಿನ ಹಾಗೆ ಮತ ಗಂಡಸರಿಗೆ ಮಾತ್ರ, ಹಗ್ಗ ಕಟ್ಟಿ ಅವರಿಗೆ ಆವರಣ. ಒಳಗೆ ಬಲಗಡೆ ಸೊಲ್ವಾ, ಎಡಗಡೆ ಪ್ರಾಮೆಲ್. ನಾವು ಹೆಂಗಸರು ಹಗ್ಗದಾಚೆ, ಹಾಲಿನ ಕ್ಯಾನ್ ಇಡುವ ಕಟ್ಟೆಯ ಹತ್ತಿರ. ಮದ್ಲೈನಾ ಟೀಚರ್ ನನ್ನ ಪಕ್ಕದಲ್ಲಿ ನಿಂತು, "ಆ ಗಾಡೀಲಿ ದಿನಾ ಹೋಗೋರು ನಾವು, ಕೈ ಎತ್ತೋರು ಅವ್ರು" ಎಂದು ಎಲ್ಲರಿಗೂ ಕೇಳುವ ಹಾಗೆ ಗೊಣಗಿದಳು. ರೈಲ್ವೆ ಕಚೇರಿಯಿಂದ ಒಬ್ಬ ದೊಡ್ಡ ಸಾಹೇಬರು, ಬೂದು ಕೋಟು, ಕೈಯಲ್ಲಿ ಚರ್ಮದ ಚೀಲ, ಕುರ್ಚಿಯ ಮೇಲೆ ಕೂತಿದ್ದರು. ಕ್ಲಾ ಹೊಸ ಟೈ ಕಟ್ಟಿದ್ದ.

ನುವೊತ್ ಅಜ್ಜ ಬಂದ. ಬಾಯಿ ತೆರೆದ. ಸದ್ದೇ ಬರಲಿಲ್ಲ. ಶನಿವಾರ ಅವನ ಆಡು ಬಂಡೆ ಹತ್ತಿ ಕೂತಿತ್ತಂತೆ, ಅದನ್ನು ಕೂಗಿ ಕೂಗಿ ಗಂಟಲು ಪೂರ್ತಿ ಕಟ್ಟಿಹೋಗಿದೆ. ಮೂರು ವಾರದ ಶ್ರಮ ಒಂದು ಆಡಿನ ಪಾಲಾಯಿತು! ಕಾಗದ ಲೂತ್ಸಿಯ ಕೈಗೆ ಕೊಟ್ಟ, ಅಧ್ಯಕ್ಷನೇ ಓದಲಿ ಎಂದು. ಲೂತ್ಸಿ ಕನ್ನಡಕ ಏರಿಸಿ ನೋಡಿದ, ಇಳಿಸಿ ನೋಡಿದ. ಒಲೆಯ ಪಕ್ಕ ಅವಸರದಲ್ಲಿ ಬರೆದದ್ದು, ಅಜ್ಜ ಹೇಳಿದ್ದನ್ನು ಹೊಡೆದು ಮೇಲೆ ಬರೆದದ್ದು, ಅದರ ಮೇಲೆ ಅತ್ತೆಯ ತಿದ್ದುಪಡಿ, ಒಂದು ಪುಟದ ಮೇಲೆ ಹಾಲು ಚೆಲ್ಲಿದ ಕಲೆ. ಅವನು "ಇದನ್ನ ಓದೋಕೆ ಬರೆದವಳೇ ಬೇಕು" ಅಂದ. ಹಾಗಂದ ಮೇಲೆ ತಾನು ಏನು ಹೇಳಿಬಿಟ್ಟೆ ಎಂದು ಅವನಿಗೇ ಗೊತ್ತಾಗಿ ಮುಖ ಕೆಂಪಾಯಿತು.

ಆಮೇಲೆ ನಡೆದ ವಾದವನ್ನು ನೀನು ಕೇಳಬೇಕಿತ್ತು. ಲೂತ್ಸಿ, "ಹೆಂಗಸರು ಹಗ್ಗದೊಳಗೆ ಬರೋ ಹಾಗಿಲ್ಲ. ಇದು ನಾನು ಮಾಡಿದ ನಿಯಮ ಅಲ್ಲ, ನಮ್ಮ ಅಜ್ಜಂದಿರದ್ದು" ಅಂದ. ನುವೊತ್ ಅಜ್ಜ ಬಲ್ಟ್ಸೆರ್ ಮಾಸ್ತರರ ಕಿವಿಯಲ್ಲಿ ಉಸುರಿದ, ಅವರು ಗಟ್ಟಿಯಾಗಿ ಹೇಳಿದರು: "ಅಜ್ಜ ಹೇಳ್ತಿರೋದು, ಮಾತು ನಂದು, ಬಾಯಿ ಮಾತ್ರ ಅವಳದ್ದು." ಕ್ಲಾ ಎದ್ದ. "ಬಾಯಿ ಒಳಗೆ ಬಂದ್ರೆ ಹಿಂದೆ ಅವಳೂ ಬಂದ ಹಾಗೇ ಅಲ್ವಾ?" ಎಲ್ಲರೂ ನಕ್ಕರು, ನಾನೂ ನಕ್ಕೆ. ಆಗ ಮದ್ಲೈನಾ ಟೀಚರ್, ತರಗತಿಯಲ್ಲಿ ಕೂಗುವ ದನಿಯಲ್ಲಿ, "ಹಾಗಾದ್ರೆ ಅವಳು ಹೊರಗೇ ನಿಲ್ಲಲಿ! ಹಗ್ಗ ಕಟ್ಟಿರೋದು ಕಾಲಿಗೆ, ಗಾಳಿಗಲ್ಲವಲ್ಲ!" ಎಂದಳು. ಒಳಗಿದ್ದ ಗಂಡಸರಲ್ಲಿ ಅರ್ಧ ಜನ ಅವಳ ಹತ್ತಿರ ಅಕ್ಷರ ಕಲಿತವರು. ಎದುರಾಡುವ ಧೈರ್ಯ ಯಾರಿಗಿದೆ? ಇಬ್ಬರು ನನ್ನನ್ನು ಎತ್ತಿ ಹಾಲಿನ ಕಟ್ಟೆಯ ಮೇಲೆ ನಿಲ್ಲಿಸಿದರು. ಹೀಗೆ, ತುಮಾಶ್, ನಿನ್ನ ಹೆಂಡತಿ ಸಭೆಯಿಂದ ಒಂದು ಗೇಣು ಹೊರಗೆ, ಸಭೆಗಿಂತ ಒಂದು ಆಳು ಎತ್ತರದಲ್ಲಿ ನಿಂತು ಓದಿದಳು.

ಮೊದಲು ಅಜ್ಜನ ಕುದುರೆಗಳು. "ನಾನು ನುವೊತ್. ನನಗೆ ಆರು ಕುದುರೆ, ಒಂದು ಸಾರೋಟು, ಒಂದು ಹಿಮಗಾಡಿ ಇದ್ದವು. ಕೆಳಗಿನ ತೂರ್ನಾ ಪೇಟೆಯಿಂದ ಇಲ್ಲಿಗೆ ಬೇಸಿಗೆಯಲ್ಲಿ ಆರು ಗಂಟೆ, ಚಳಿಗಾಲದಲ್ಲಿ ದೇವರಿಗೇ ಗೊತ್ತು. ರೈಲು ಒಂದೂವರೆ ಗಂಟೆಯಲ್ಲಿ ಬರುತ್ತದೆ ಎಂದಾಗ ನನಗೆ ಆ ಎಂಜಿನಿಯರನನ್ನು ತೊರೆಗೆ ನೂಕಬೇಕು ಅನ್ನಿಸಿತ್ತು." ಹಾಗೆ ಶುರುವಾಗುತ್ತದೆ. ಆಮೇಲೆ ಸ್ಟೇಷನ್ನಿನ ಜಗಳ. ನಮ್ಮೂರಲ್ಲೇ ಆಗಬೇಕೆಂದು ಎರಡು ಊರೂ ಎರಡು ವರ್ಷ ಕಚ್ಚಾಡಿ, ರಾತ್ರೋರಾತ್ರಿ ಒಬ್ಬರ ಗೂಟ ಇನ್ನೊಬ್ಬರು ಕಿತ್ತುಹಾಕಿ, ಕೊನೆಗೆ ಆ ಎಂಜಿನಿಯರ್ ರೋಸಿಹೋಗಿ ಎರಡೂ ಚರ್ಚಿನ ಹೊಸ್ತಿಲಿನಿಂದ ಸರಪಳಿ ಹಿಡಿಸಿ ಅಳೆಸಿದ. ಸರಿಯಾಗಿ ನಡುವೆ, ಒಂದು ಮನೆಯೂ ಇಲ್ಲದ ಹುಲ್ಲಿನಲ್ಲಿ ಗೂಟ ನೆಟ್ಟು, "ಇಬ್ಬರೂ ನಡೀರಿ!" ಎಂದು ಹೇಳಿ ಹೋದ. ಬೋರ್ಡಿನ ಮೇಲೆ ಯಾರ ಹೆಸರು ಮೊದಲು ಎಂಬುದಕ್ಕೆ ಮತ್ತೆ ಒಂದು ವರ್ಷ. ಅದಕ್ಕೇ ಇವತ್ತಿಗೂ ಮೇಲಿನಿಂದ ಬಂದರೆ ಸೊಲ್ವಾ ಮೊದಲು ಕಾಣುತ್ತದೆ, ಕೆಳಗಿನಿಂದ ಬಂದರೆ ಪ್ರಾಮೆಲ್. ಇದನ್ನು ಓದುವಾಗ ಹಗ್ಗದೊಳಗೆ ಎಡಗಡೆಯವರೂ ಬಲಗಡೆಯವರೂ ಒಬ್ಬರನ್ನೊಬ್ಬರು ನೋಡದೆ ನೆಲ ನೋಡಿ ನಗುತ್ತಿದ್ದರು.

ಈಗ ನಿನ್ನ ಅಪ್ಪ. ಸಾವಿರದ ಒಂಬೈನೂರ ಎಂಟರ ಜೂನ್, ಮೊದಲ ಗಾಡಿ ಬರುವ ದಿನ, ನುವೊತ್ ಅಜ್ಜ ಸಾರೋಟನ್ನು ಹಳಿಗೆ ಅಡ್ಡ ನಿಲ್ಲಿಸಿ, ಕುದುರೆಗಳನ್ನು ಬಿಚ್ಚಿ ಮನೆಗೆ ಕಳಿಸಿ, ತಾನು ಮೇಲೆ ಹ್ಯಾಟು ಹಾಕಿಕೊಂಡು ಕೂತುಬಿಟ್ಟನಂತೆ. ಹೂವಿನ ಹಾರ, ಬಾವುಟ, ವಾದ್ಯದವರು, ದೊಡ್ಡ ಮನುಷ್ಯರು, ಎಲ್ಲವನ್ನೂ ಹೊತ್ತು ಹೊಗೆಯುಗುಳುತ್ತ ಎಂಜಿನ್ ಬಂತು. ಸಾರೋಟಿಗೆ ಹತ್ತು ಹೆಜ್ಜೆ ಇರುವಾಗ ನಿಂತಿತು. ಓಡಿಸುತ್ತಿದ್ದವರು ನಿನ್ನ ಅಪ್ಪ. ಬೈಯಲಿಲ್ಲ, ಪೋಲೀಸರನ್ನು ಕರೆಯಲಿಲ್ಲ. ಇಳಿದು ಬಂದು, ಮಸಿ ಹತ್ತಿದ ಕೈಯಲ್ಲಿ ಬುತ್ತಿ ಬಿಚ್ಚಿ, "ಬ್ರೆಡ್ಡು, ಚೀಸು, ಒಣಮಾಂಸ ಇದೆ. ತಿಂತೀಯಾ?" ಎಂದು ಕೇಳಿದರಂತೆ. ಇಬ್ಬರೂ ಸಾರೋಟಿನ ಮೇಲೆ ಕೂತು ಒಂದು ಗಂಟೆ ತಿಂದರು. ಮೊದಲ ಡಬ್ಬಿಯಲ್ಲಿ ಮಂತ್ರಿಗಳು ಬೆವರುತ್ತ ಕಾದರು, ವಾದ್ಯದವರು ಬಾರಿಸಿದ್ದನ್ನೇ ಐದು ಸಲ ಬಾರಿಸಿದರು. "ಕೊನೆಗೆ ಸಾರೋಟು ಯಾಕೆ ಸರಿಸಿದೆ ಅಂದರೆ, ಹೊಟ್ಟೆ ತುಂಬಿದವನಿಗೆ ಜಗಳ ಆಡಲು ಮನಸ್ಸು ಬರಲಿಲ್ಲ." ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಒಲೆಯ ಪಕ್ಕ ಎಷ್ಟು ಸಲ ಕೇಳಿದ್ದರೂ ಅತ್ತೆ ನನ್ನ ಹಿಂದೆ ನಿಂತು ಮತ್ತೆ ಕಣ್ಣು ಒರೆಸಿಕೊಂಡರು. "ಅದಕ್ಕೇ ಆ ದಿನ ಮನೆಗೆ ಬಂದು ಹಸಿವು ಹಸಿವು ಅಂದಿದ್ರಂತೆ! ಮದುವೆ ಆದ್ಮೇಲೂ ಸಾಯೋವರ್ಗೂ ಯಾಕೆ ಅಂತ ಹೇಳ್ಲೇ ಇಲ್ಲ ಪುಣ್ಯಾತ್ಮ" ಅಂದರು.

ಅಜ್ಜ ಮೂರು ಚಳಿಗಾಲ ಹಟ ಹಿಡಿದು ಹಿಮಗಾಡಿ ಓಡಿಸಿ, ನಾಲ್ಕನೆಯದಕ್ಕೆ ಕುದುರೆ ಮಾರಿ, ಅದೇ ರೈಲಿನಲ್ಲಿ ಅಂಚೆ ಚೀಲ ಹಿಡಿದು ಇಪ್ಪತ್ತೆಂಟು ವರ್ಷ ಕೂತದ್ದನ್ನು ಓದಿದೆ. ಇಪ್ಪತ್ತೆರಡರಲ್ಲಿ ಗಾಡಿಗೆ ವಿದ್ಯುತ್ ಬಂದಾಗ ಕೂದಲು ಸುಟ್ಟುಹೋಗುತ್ತದೆಂದು ಯಾರೂ ಹತ್ತದೆ, ಪಾದ್ರಿಗಳು ಮೊದಲು ಹೆಂಡತಿಯನ್ನು ಹತ್ತಿಸಿ, ಅವಳ ಕೂದಲು ನೆಟ್ಟಗಿರುವುದನ್ನು ನೋಡಿ ತಾವೂ ಹತ್ತಿದ್ದು. ಐವತ್ತೊಂದರ ಜನವರಿಯಲ್ಲಿ ಹಿಮ ಕುಸಿದು ರಸ್ತೆ ಹತ್ತೊಂಬತ್ತು ದಿನ ಮುಚ್ಚಿದ್ದು, ಹಳಿಯನ್ನು ಮಾತ್ರ ಎರಡೂ ಊರು ಎರಡು ಕಡೆಯಿಂದ ತೋಡಿ ಐದೇ ದಿನದಲ್ಲಿ ತೆರೆದದ್ದು. ನೆನಪಿದೆಯಲ್ಲ, ನೀನು ಹಿಮ ತಳ್ಳುವ ನೇಗಿಲು ಕಟ್ಟಿಕೊಂಡು ಬಂದೆ. ಹಿಟ್ಟು, ಯೀಸ್ಟು, ಒಂದು ಚೀಲ ಕಾಗದ, ಮತ್ತೆ ನಿನ್ನ ಜೇಬಿನಲ್ಲಿ ಹತ್ತಿ ಸುತ್ತಿದ, ರಿಪೇರಿಯಾಗಿ ಬಂದ ಸೆರಾಯ್ನಾಳ ಕನ್ನಡಕ. ಐದು ವರ್ಷದ ಹುಡುಗಿ ವಾರವಿಡೀ ಬಾಗಿಲಿಗೆ ಹಣೆ ಬಡಿದುಕೊಂಡು ಓಡಾಡಿದವಳು, ಅದನ್ನು ಹಾಕಿಕೊಂಡು ನಿನ್ನನ್ನು ನೋಡಿ, "ಅಪ್ಪಾ, ನಿಂಗೆ ಗಡ್ಡ ಬಂದಿದೆ!" ಅಂದಳು.

ಇಲ್ಲಿಗೆ ಅಜ್ಜನ ಕಾಗದ ಮುಗಿಯಿತು. ತಲೆ ಎತ್ತಿ ನೋಡಿದೆ. ಎಡಗಡೆಯ ಮುಖಗಳು ಮೆತ್ತಗಾಗಿದ್ದವು, ಆದರೆ ಮನಸ್ಸು ತಿರುಗಿರಲಿಲ್ಲ. ನಗಿಸಿದ್ದಕ್ಕೆ ನಕ್ಕಿದ್ದರು ಅಷ್ಟೆ. ನಗು ನಿಂತ ಮೇಲೆ ಒಬ್ಬೊಬ್ಬರೇ ಕ್ಲಾನ ಕಡೆ ನೋಡಲು ಶುರು ಮಾಡಿದರು. ಇಳಿಯಬೇಕಿತ್ತು ನಾನು. ಇಳಿಯಲಿಲ್ಲ. ಕೊನೆಯ ಹಾಳೆಯನ್ನು ತಿರುಗಿಸಿ, ಖಾಲಿ ಬೆನ್ನನ್ನು ಮುಖದ ಮುಂದೆ ಹಿಡಿದುಕೊಂಡು, ಓದುವ ದನಿಯಲ್ಲೇ ಮುಂದುವರಿಸಿದೆ.

ಅಪ್ಪನ ವಿಷಯ ಹೇಳಿದೆ. ನನ್ನ ಅಪ್ಪ ಬಾತ್ತಿಸ್ತಾ ಗಡಿಯಾಚೆಯ ಬೆರ್ಗಾಮೋ ಕಡೆಯಿಂದ ಹತ್ತೊಂಬತ್ತನೆಯ ವಯಸ್ಸಿಗೆ ಕರಿಬಂಡೆಯ ಸುರಂಗ ತೋಡಲು ಬಂದವನು. ಮೇಲಿನ ತಂಡಕ್ಕೆ ಸೊಲ್ವಾದವರು ಊಟ ಹಾಕುತ್ತಿದ್ದರು, ಕೆಳಗಿನ ತಂಡಕ್ಕೆ ಪ್ರಾಮೆಲ್‌ನವರು. ಎರಡು ವರ್ಷ ಎರಡು ತಂಡದವರು ಎರಡು ಕಡೆಯಿಂದ ಕತ್ತಲಲ್ಲಿ ಬಂಡೆ ಕೊರೆದರು. ಒಂದು ದಿನ ಮೇಲಿನ ತಂಡದಲ್ಲಿದ್ದ ಅಪ್ಪನ ಕಬ್ಬಿಣದ ಸರಳು ಥಟ್ಟನೆ ಒಳಕ್ಕೆ ಹೋಯಿತು. ಎಳೆದು ತೆಗೆದರೆ ಹೆಬ್ಬೆಟ್ಟಿನಷ್ಟು ತೂತು. ಅದಕ್ಕೆ ಕಿವಿ ಕೊಟ್ಟ, ಕೇಳಿಸಲಿಲ್ಲ. ಕಣ್ಣು ಕೊಟ್ಟ, ಕಾಣಲಿಲ್ಲ. ಮೂಗು ಕೊಟ್ಟ. ಆ ಕಡೆಯಿಂದ ಹುರಿದ ಈರುಳ್ಳಿಯ ವಾಸನೆ ಬಂತು. ಅದು ಪ್ರಾಮೆಲ್‌ನ ಅಡುಗೆ. ಬುತ್ತಿ ತಂದಿದ್ದವಳು ನನ್ನ ಅಮ್ಮ. "ಆ ಬೆಟ್ಟದಿಂದ ಮೊದಲು ದಾಟಿ ಬಂದದ್ದು ಎಂಜಿನ್ನೂ ಅಲ್ಲ, ಮಂತ್ರೀನೂ ಅಲ್ಲ, ನಿಮ್ಮಮ್ಮ ಹುರಿದ ಈರುಳ್ಳಿ" ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದ. ಆ ವಾಸನೆ ಹಿಡಿದುಕೊಂಡೇ ಅವನು ಊರಿಗೆ ಹಿಂತಿರುಗದೆ ಇಲ್ಲಿ ಗ್ಯಾಂಗ್‌ಮನ್ ಆಗಿ, ಮೂವತ್ತು ವರ್ಷ ಸುತ್ತಿಗೆ ಹಿಡಿದು ಹಳಿ ತಟ್ಟುತ್ತ ನಡೆದ.

ಕ್ಲಾಗೆ ಅನುಮಾನ ಬಂತು. "ಏಯ್, ಇದು ನುವೊತ್ ಅಜ್ಜನ ಮಾತಲ್ಲ! ಅಜ್ಜ ಸುರಂಗದೊಳಗೆ ಯಾವತ್ತು ಇದ್ದ?" ಎಲ್ಲರೂ ಅಜ್ಜನ ಕಡೆ ತಿರುಗಿದರು. ಅಜ್ಜ ಕೋಲು ನೆಲಕ್ಕೆ ಕುಟ್ಟಿ, ಇಲ್ಲದ ದನಿಯಲ್ಲಿ "ನಂದೇ!" ಎಂದ. ಬಲ್ಟ್ಸೆರ್ ಮಾಸ್ತರರು ಗಟ್ಟಿಯಾಗಿ, "ಅಜ್ಜ ಹೇಳ್ತಾನೆ, ನಂದೇ!" ಅಂದರು. ಲೂತ್ಸಿ ಆಕಾಶ ನೋಡಿದ. ಅಧ್ಯಕ್ಷನಾಗಿ ಅವನು ಮಾಡಿದ ಅತಿ ಒಳ್ಳೆಯ ಕೆಲಸ ಅದೇ.

ಆಗ ಹಾಳೆಯನ್ನು ಮಡಿಸಿಬಿಟ್ಟೆ. ಇನ್ನು ಹೇಳಬೇಕಾದ್ದಕ್ಕೆ ಅಜ್ಜನ ಹೆಸರು ಹಿಡಿಯುವುದು ಸರಿಯಲ್ಲ ಅನ್ನಿಸಿತು. ತುಮಾಶ್, ಬಂಡೆ ಬಿದ್ದ ದಿನ ನಿನ್ನನ್ನು ಎತ್ತಿದವರು ಯಾರು ಎಂದು ನೀನು ಎರಡು ಸಲ ಪತ್ರದಲ್ಲಿ ಕೇಳಿದ್ದೆ. ನಾನು ಒಬ್ಬೊಬ್ಬರನ್ನೂ ಹುಡುಕಿ ಕೇಳಿಕೊಂಡು ಬಂದಿದ್ದೆ, ನೀನು ಮನೆಗೆ ಬಂದ ಮೇಲೆ ಹೇಳೋಣ ಎಂದು ಇಟ್ಟಿದ್ದೆ. ಅದನ್ನೇ ಅಲ್ಲಿ ಹೇಳಿದೆ. ಮೂರನೆಯ ತಿರುವಿನಲ್ಲಿ ಮುಂದೆ ಬಂಡೆ ಬಿದ್ದದ್ದು ಕಂಡು ನೀನು ಬ್ರೇಕ್ ಹಾಕಿದೆ, ಮೂವತ್ತೊಂದು ಜನರಿಗೆ ಒಂದು ಗೀರೂ ಆಗಲಿಲ್ಲ. ನೋಡಲು ಇಳಿದವನ ಮೇಲೆ ಎರಡನೆಯದು ಬಿತ್ತು. ಗಾಡಿಯಿಂದ ಒಂಬತ್ತು ಗಂಡಸರು ಇಳಿದರು, ಐದು ಜನ ಸೊಲ್ವಾ, ನಾಲ್ಕು ಜನ ಪ್ರಾಮೆಲ್. ದೇವದಾರು ತೊಲೆ ಕೊಟ್ಟು ಎತ್ತಿದರೂ ಬಂಡೆ ಅಲುಗಲಿಲ್ಲ. ಇನ್ನೊಬ್ಬ ಬೇಕಿತ್ತು. ಆಚೆ ದಡದ ರಸ್ತೆಯಲ್ಲಿ ಒಬ್ಬ ಮೋಟಾರ್‌ಬೈಕಿನಲ್ಲಿ ಹೋಗುತ್ತಿದ್ದವನು ಅದನ್ನು ನೋಡಿ, ಎಂಜಿನ್ ಸಹ ಆರಿಸದೆ ಬೈಕನ್ನು ಅಲ್ಲೇ ಬೀಳಿಸಿ, ಎದೆಮಟ್ಟದ ತೊರೆ ದಾಟಿ ಬಂದು ತೊಲೆಗೆ ಹೆಗಲು ಕೊಟ್ಟ. ಬಂಡೆ ಎದ್ದಿತು. ಡಬ್ಬಿಯ ಬೆಂಚು ಕಿತ್ತು ನಿನ್ನನ್ನು ಮಲಗಿಸಿದರು. ಗಾರ್ಡ್ ಯೊನ್ ಕೈಬ್ರೇಕಿನ ಮೇಲೆ ಗಾಡಿಯನ್ನು ಮೆಲ್ಲಗೆ ಹಿಂದಕ್ಕೆ ತೂರ್ನಾವರೆಗೂ ಇಳಿಸಿದ. ದಾರಿಯುದ್ದಕ್ಕೂ ನಿನ್ನ ತಲೆ ಅಲುಗದ ಹಾಗೆ ತೊಡೆಯ ಮೇಲೆ ಹಿಡಿದುಕೊಂಡು ಕೂತವನು, ಒದ್ದೆ ಬಟ್ಟೆಯಲ್ಲಿ ಗಡಗಡ ನಡುಗುತ್ತಿದ್ದವನು, ಆ ಹತ್ತನೆಯವನೇ. "ಅವನ ಹೆಸರು ಕ್ಲಾ," ಎಂದೆ. "ಬಸ್ಸು ಬೇಕು ಅನ್ನೋದು ತಪ್ಪಲ್ಲ. ಆದರೆ ಆವತ್ತು ಬೋರ್ಡಿನ ಮೇಲೆ ಯಾರ ಹೆಸರು ಮೊದಲು ಅಂತ ಹತ್ತು ಜನರಲ್ಲಿ ಒಬ್ಬರೂ ಕೇಳ್ಲಿಲ್ಲ. ಇವತ್ತೂ ಕೇಳ್ಬೇಡಿ, ಅಷ್ಟೇ ನಾನು ಹೇಳೋದು." ಇಳಿಯಲು ನೋಡಿದರೆ ಇಳಿಸುವವರು ಯಾರೂ ಇರಲಿಲ್ಲ. ಹಾರಿದೆ.

ಲೂತ್ಸಿ ಎರಡು ಸಲ ಕೆಮ್ಮಿ, ಮೊದಲು ಸೊಲ್ವಾ ಎಂದ. ಕೈಗಳು ಎದ್ದವು, ಎಣಿಸುವ ಅಗತ್ಯವೇ ಇರಲಿಲ್ಲ. ಆಮೇಲೆ ಪ್ರಾಮೆಲ್. ನಾನು ನೋಡಲಾರದೆ ಅತ್ತೆಯ ಭುಜಕ್ಕೆ ಮುಖ ಒತ್ತಿಕೊಂಡೆ. ಅತ್ತೆ ಎಣಿಸಿ ಹೇಳುತ್ತಿದ್ದರು, "ನಲವತ್ತು... ಐವತ್ತು... ಅಯ್ಯೋ ನಿಂತುಹೋಯ್ತು... ಇಲ್ಲ, ಹಿಂದಿನ ಸಾಲು ಎತ್ತಿತು!" ಪರವಾಗಿ ಅರವತ್ತನಾಲ್ಕು, ವಿರುದ್ಧ ಐವತ್ತೇಳು. ಅರವತ್ತನಾಲ್ಕನೆಯ ಕೈ ಕ್ಲಾನದು. ಎತ್ತಿದವನು ಎಡಗೈಯಲ್ಲಿ ಟೈ ಸಡಿಲಿಸಿಕೊಳ್ಳುತ್ತ, "ಬಸ್ಸನ್ನ ತೂರ್ನಾದಿಂದ ಆಚೆಗೆ ಓಡಿಸ್ತೀನಿ ಬಿಡಿ. ಅಲ್ಲಿ ಹಾಲಿನ ಕಟ್ಟೆ ಇಲ್ಲ" ಅಂದ. ಆಗ ಎದ್ದ ಕೂಗು ನಿನಗೆ ಆಸ್ಪತ್ರೆಯಲ್ಲಿ ಕೇಳಿಸಿರಬೇಕು.

ಆಮೇಲಿನದು ಹಬ್ಬವೇ. ಎರಡೂ ಚರ್ಚಿನ ಗಂಟೆ ಒಟ್ಟಿಗೆ ಹೊಡೆದವು, ಒಂದರ ಲಯ ಇನ್ನೊಂದಕ್ಕೆ ಹೊಂದಲಿಲ್ಲ, ಯಾರಿಗೂ ಬೇಸರವಾಗಲಿಲ್ಲ. ಎರಡೂ ಊರಿನವರು ತಾವು ಗೆದ್ದರೆ ಇರಲಿ ಎಂದು ಗುಟ್ಟಾಗಿ ಬಾರ್ಲಿ ಸೂಪು ಮಾಡಿಟ್ಟಿದ್ದರು. ಎರಡು ಹಂಡೆ ಬಂದವು. ನನ್ನ ಸೋದರತ್ತೆ ಅಕ್ರೋಟಿನ ಕೇಕು ಹೊತ್ತು ತಂದು, "ನಂಗೆ ಬಸ್ಸೇ ಬೇಕಿತ್ತು" ಎನ್ನುತ್ತಲೇ ನನ್ನ ಬಾಯಿಗೆ ತುರುಕಿದಳು. ನಿನ್ನ ಜಾಗದಲ್ಲಿ ಬಂದಿರುವ ಹೊಸ ಡ್ರೈವರ್ ಮಧ್ಯಾಹ್ನದ ಗಾಡಿ ತಂದವನು ಪ್ಲಾಟ್‌ಫಾರ್ಮಿನಲ್ಲಿ ಅಕಾರ್ಡಿಯನ್ನು, ಕುಣಿತ ಎಲ್ಲ ನೋಡಿ ಯಾರದೋ ಮದುವೆ ಎಂದುಕೊಂಡನಂತೆ. ಹಾರ್ನು ಹೊಡೆದ. ತುಂಬ ಚಿಕ್ಕದಾಗಿ ಹೊಡೆಯುತ್ತಾನೆ, ನಿನ್ನ ಹಾಗಲ್ಲ. ನಾನು ಲೂತ್ಸಿಯ ಜೊತೆ ಕುಣಿದೆ, ಬಲ್ಟ್ಸೆರ್ ಮಾಸ್ತರರ ಜೊತೆ ಕುಣಿದೆ. ಕ್ಲಾನ ಜೊತೆ ಕುಣಿಯುವಾಗ "ಥ್ಯಾಂಕ್ಸ್ ಕಣೋ" ಅಂದೆ. ಅವನು "ನಿನ್ ಗಂಡನ ತಲೆ ಎಷ್ಟು ಭಾರ ಮಾರಾಯ್ತಿ!" ಎಂದ. ಹೊಸ ಹಳಿಯ ಜೊತೆ ಹೊಸ ಬೋರ್ಡೂ ಬರುತ್ತದಂತೆ. ಸೂಪಿನ ಎರಡನೆಯ ಬಟ್ಟಲು ಮುಗಿಯುವ ಮೊದಲೇ ಯಾರ ಹೆಸರು ಮೊದಲು ಎಂಬ ಜಗಳ ಶುರುವಾಗಿತ್ತು. ನನಗೆ ಅದನ್ನು ಕೇಳಿ ಎಷ್ಟು ನೆಮ್ಮದಿಯಾಯಿತೆಂದರೆ, ಕಟ್ಟೆಯ ಮೇಲೆ ಕೂತು ಮನಸಾರೆ ಅತ್ತುಬಿಟ್ಟೆ.

ಚೆನ್ನಾಗಿ ತಿನ್ನು, ನರ್ಸ್ ಹೇಳಿದ್ದು ಕೇಳು. ಅತ್ತೆ ನಿನ್ನ ಹಣೆಗೆ ಮುತ್ತು ಕಳಿಸಿದ್ದಾರೆ. ಸೆರಾಯ್ನಾ ಪತ್ರ ಬರೆಯುತ್ತೇನೆ ಎಂದು ಕೂತು ಗಾಡಿಯ ಚಿತ್ರ ಬರೆದಿದ್ದಾಳೆ, ಒಳಗಿಟ್ಟಿದ್ದೇನೆ. ನುವೊತ್ ಅಜ್ಜ ಸನ್ನೆಯಲ್ಲಿ ನಮಸ್ಕಾರ ತಿಳಿಸಿದ್ದಾನೆ. ದೇವರು ನಿನ್ನ ಎಲುಬನ್ನು ಬೇಗ ಕೂಡಿಸಿ ನಮ್ಮ ಕೈಗೆ ಕೊಡಲಿ.

ನಿನ್ನನ್ನು ಕಾಯುತ್ತಿರುವ,
ಮೆಂಗಾ

ಮರೆತಿದ್ದೆ (ಮರೆತಿರಲಿಲ್ಲ, ಧೈರ್ಯ ಬರಲಿಲ್ಲ): ಐದೂ ಹತ್ತರ ಗಾಡಿಗೆ ಇದನ್ನು ಕೊಡಬೇಕು, ಬೇಗ ಬರೆಯುತ್ತೇನೆ. ಬಲ್ಟ್ಸೆರ್ ಮಾಸ್ತರರು ಹೊಸವರ್ಷಕ್ಕೆ ಕೆಲಸ ಬಿಟ್ಟು ಮಗಳ ಮನೆಗೆ ಹೋಗುತ್ತಾರೆ. ಆ ಬೂದು ಕೋಟಿನ ಸಾಹೇಬರು ಇವತ್ತು ಬೆಳಿಗ್ಗೆ ಮನೆಗೇ ಬಂದಿದ್ದರು. ಈ ಸ್ಟೇಷನ್ನನ್ನು ನೀವು ನೋಡಿಕೊಳ್ಳುತ್ತೀರಾ ಎಂದು ಕೇಳಿದರು. ಟಿಕೆಟ್ಟು, ಸಿಗ್ನಲ್ಲು, ತಂತಿ, ಎಲ್ಲ. ಡ್ರೈವರನ ಹೆಂಡತಿ ಎಂದಲ್ಲ, ನನ್ನ ಹೆಸರಲ್ಲೇ. ನಾನು ಹೂಂ ಅಂದೆ. ನಿನ್ನನ್ನು ಕೇಳದೆಯೇ ಅಂದೆ, ಬೈಯುವುದಿದ್ದರೆ ಬಂದ ಮೇಲೆ ಬೈ. ಆದರೆ ಹೆಂಡತಿ ಕೆಲಸಕ್ಕೆ ಸೇರಬೇಕಾದರೆ ಗಂಡ ಒಪ್ಪಿ ಸಹಿ ಹಾಕಬೇಕಂತೆ, ಕಾನೂನಂತೆ. ನೀಲಿ ಕಾಗದ ಒಳಗಿದೆ, ಗೆರೆ ಎಳೆದ ಕಡೆ ನಿನ್ನ ಹೆಸರು. ಶುಕ್ರವಾರದೊಳಗೆ ಕಳಿಸು. ಮಾಸ್ತರರು ಟೋಪಿ ಆಗಲೇ ಕೊಟ್ಟುಬಿಟ್ಟರು. ಕಿವಿಯವರೆಗೆ ಇಳಿಯುತ್ತದೆ, ಒಳಗೆ ಹಳೆಯ ಪೇಪರ್ ಮಡಿಸಿಟ್ಟರೆ ಸರಿಯಾಗುತ್ತದೆ. ಬಾಗಿಲ ಹಿಂದೆ ನಿನ್ನ ಟೋಪಿಯ ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೆದಾಗಿದೆ.